ನಲವತ್ತೆಂಟನೆಯ ಸ್ಕ್ರೂ

ಒಂದಿಂಚಿನ ಸ್ಕ್ರೂ ಒಂದು ಕಳೆದುಹೋಯಿತು. ಬೈಸಿಕೊಳ್ಳಬೇಕಲ್ಲ ಅಂತ ಅದರ ಜಾಗಕ್ಕೆ ಗುಟ್ಟಾಗಿ ಎರಡಿಂಚಿನದೊಂದು ಹಾಕಿದೆ. ನನ್ನ ತಪ್ಪು ಇಷ್ಟೇ. ಹದಿನಾಲ್ಕು ವರ್ಷದ ಗಾಡಿ ರಿಪೇರಿಯಲ್ಲಿ ನಾನು ಮಾಡಿದ ಎಡವಟ್ಟುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಕಡೂರಿನಲ್ಲಿ ಶುರುವಾಗಿ, ಬೀರೂರು ಜಂಕ್ಷನ್ನಿನಲ್ಲಿ ಟೀ ಕುಡಿದು, ತರೀಕೆರೆ ಮುಟ್ಟುತ್ತದೆ. ಆದರೂ ಹಲ್ಲುಜ್ಜುವಾಗ ತಟ್ಟನೆ ನೆನಪಾಗಿ ಬ್ರಷ್ ಕಚ್ಚಿಕೊಳ್ಳುವ ಹಾಗೆ ಮಾಡುವುದು ಇದೊಂದೇ.

ಐಟಿಐ ಮುಗಿಸಿ ಮೊದಲ ಸಲ ಸ್ಪ್ಯಾನರ್ ಹಿಡಿಯುತ್ತಿರುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಂಜ. ನನಗೆ ಮೂವತ್ನಾಲ್ಕು ವರ್ಷ, ನಾನು ನಿವೃತ್ತ. ನಗಬೇಡಿ. ಗಾಡಿಗಳ ಕೆಳಗೆ ಮಲಗಿ ಮಲಗಿ ಬೆನ್ನಿನ ಡಿಸ್ಕ್ ಜಾರಿತು. ಇನ್ನು ಮೇಲೆ ಗಾಡಿ ಕೆಳಗೆ ನುಸುಳಬಾರದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಕಡೂರಿನ ನಮ್ಮ ಗ್ಯಾರೇಜಿನ ಯಜಮಾನರು ಖಲೀಲ್ ಚಾಚಾ. ಅವರು ನನಗೆ ಹಳೇ ಫ್ಯಾನ್ ಬೆಲ್ಟುಗಳನ್ನು ಪೋಣಿಸಿದ ಹಾರ ಹಾಕಿ ಬೀಳ್ಕೊಟ್ಟರು. ಭಾಷಣವನ್ನೂ ಮಾಡಿದರು: "ಇವ್ನು ಬಿಚ್ಚಿದ್ದನ್ನ ಜೋಡ್ಸೋದ್ರಲ್ಲೇ ನಂಗೆ ಇಷ್ಟೊಂದು ಅನುಭವ ಬಂದಿದ್ದು. ಇನ್ಮೇಲೆ ನಂಗೂ ಕೆಲ್ಸ ಕಮ್ಮಿ." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ. ಈಗ ಅದೇ ರಸ್ತೆಯಲ್ಲಿ ಬಿಡಿಭಾಗದ ಅಂಗಡಿಯ ಕೌಂಟರಿನ ಹಿಂದೆ, ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕೂತಿರುತ್ತೇನೆ.

ಸ್ಕ್ರೂವಿನ ಕತೆ ಗೊತ್ತಾಗಬೇಕಾದರೆ ಸಿಸ್ಟರಮ್ಮ ಯಾರು ಅಂತ ಗೊತ್ತಾಗಬೇಕು.

ಒಂದು ದಿನ ಗ್ಯಾರೇಜಿನ ಮುಂದೆ ಹದಿನೈದು ವರ್ಷದ ಹಳೇ ವ್ಯಾನೊಂದು ಕೆಮ್ಮುತ್ತಾ ಬಂದು ನಿಂತಿತು. ಮದುವೆ ದಿಬ್ಬಣ ಹೊರುತ್ತಿದ್ದ ಗಾಡಿ. ಮೈಮೇಲೆ ಒಂದು ಕಡೆ ಗಣೇಶ, ಇನ್ನೊಂದು ಕಡೆ ತುಕ್ಕು. ಡ್ರೈವರ್ ಸೀಟಿನಿಂದ ಬಿಳೀ ಕಾಟನ್ ಸೀರೆಯ ಹೆಂಗಸೊಬ್ಬರು ಇಳಿದರು. ಅರವತ್ತು ದಾಟಿದ ವಯಸ್ಸು, ಕೋಲಿನಂಥ ಬೆನ್ನು. ಹೆಸರು ಪದ್ಮಾವತಿ. ಊರೂರಿನ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ಅಜ್ಜಂಪುರದಲ್ಲಿ ಮನೆ ಮಾಡಿದ್ದರು. ಅಲ್ಲಿ ಎಲ್ಲರಿಗೂ ಅವರು ಸಿಸ್ಟರಮ್ಮ.

"ಇದನ್ನ ಮನೆ ಮಾಡ್ಬೇಕು," ಅಂದರು. "ಮಲಗೋಕೆ ಮಂಚ, ಒಂದು ಒಲೆ, ನೀರಿನ ಟ್ಯಾಂಕು, ಒಂದು ಕಕ್ಕಸು. ಎಲ್ಲ ಇದ್ರೊಳಗೇ."

ಚಾಚಾ ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಉದ್ದನೆಯ ಸ್ಕ್ರೂಡ್ರೈವರಿನ ಮೂತಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಅದು ಅವರ ಹಳೇ ವಿದ್ಯೆ. ನಾನು ಹೊಸ ಕಾಲದವನು. ಹೋದ ತಿಂಗಳಷ್ಟೇ ತರಿಸಿದ್ದ ಸ್ಕ್ಯಾನರ್ ಎತ್ತಿಕೊಂಡು ಓಡಿಬಂದೆ. ಅದನ್ನು ಸಿಗಿಸುವ ಜಾಗ ಹುಡುಕಿ ಡ್ಯಾಶ್‌ಬೋರ್ಡ್ ಬಿಚ್ಚಿದೆ, ಸೀಟು ಎತ್ತಿದೆ, ಮ್ಯಾಟ್ ಕಿತ್ತೆ. ಅರ್ಧ ಗಂಟೆಯ ಮೇಲೆ ಚಾಚಾ ಕಣ್ಣು ಬಿಟ್ಟರು.

"ಅದ್ನ ಕಂಡ್ಹಿಡಿಯೋಕಿಂತ ಮುಂಚೆ ಹುಟ್ಟಿದ್ ಗಾಡಿ ಕಣೋ ಇದು. ಅದ್ರ ಮೂಗಿಗೆ ಸಿಗಿಸ್ತೀಯಾ?" ಅಂದು ಸಿಸ್ಟರಮ್ಮನ ಕಡೆ ತಿರುಗಿದರು. "ಮೂರನೇ ಇಂಜೆಕ್ಟರ್ ಹೋಗಿದೆಯಮ್ಮ. ಉಳ್ದಿದ್ದು ಗಟ್ಟಿ ಇದೆ. ಬಿಟ್ಟೋಗಿ, ಮಾಡ್ಕೊಡ್ತೀವಿ."

"ಬಿಟ್ಟೋಗಲ್ಲ. ನಾನೇ ಮಾಡ್ತೀನಿ. ನಂಗೆ ಹೇಳ್ಕೊಡೋಕೆ ಒಬ್ರನ್ನ ಕಳ್ಸಿ, ಸಾಕು. ದಾರೀಲಿ ಕೆಟ್ರೆ ನಿಮ್ಮನ್ನ ಎಲ್ಲಿಂದ ತರ್ಲಿ?"

ಚಾಚಾ ಗ್ಯಾರೇಜಿನ ಕೆಲಸಗಾರರನ್ನೆಲ್ಲ ಒಂದು ಸಲ ನೋಡಿದರು. ಯಾರು ಇಲ್ಲದಿದ್ದರೂ ಗ್ಯಾರೇಜ್ ನಡೆಯುತ್ತದೆ ಅಂತ ಲೆಕ್ಕ ಹಾಕಿದರು. ನನ್ನನ್ನು ಕಳಿಸಿದರು.

ಅಲ್ಲಿಂದ ಮೂರು ತಿಂಗಳು ವಾರಕ್ಕೆ ನಾಲ್ಕು ದಿನ ಬೆಳಗಿನ ರೈಲಿಗೆ ಅಜ್ಜಂಪುರಕ್ಕೆ ಹೋದೆ. ಕಲಿಸೋಕೆ ಅಂತ ಹೋದವನು ಮೊದಲ ವಾರದಲ್ಲೇ ಸ್ಲೇಟು ಹಿಡಿದು ಕೂತೆ. ಸಿಸ್ಟರಮ್ಮನ ಪಾಲಿಗೆ ಅದು ಗಾಡಿಯಲ್ಲ, ವಾರ್ಡಿನ ರೋಗಿ. ಸ್ಟೇರಿಂಗಿಗೆ ರಟ್ಟು ಕಟ್ಟಿ ಅದರ ಮೇಲೆ ಕೇಸ್ ಶೀಟ್ ಸಿಗಿಸಿದ್ದರು. ಬೆಳಗ್ಗೆ ಎದ್ದ ಕೂಡಲೆ ಎಂಜಿನ್ ಆಯಿಲ್, ನೀರು, ನಾಲ್ಕು ಚಕ್ರದ ಗಾಳಿ ನೋಡಿ ಅದರಲ್ಲಿ ಬರೆಯುತ್ತಿದ್ದರು. ಬ್ರೇಕ್ ಆಯಿಲಿನ ಡಬ್ಬಿಗೆ ಆಸ್ಪತ್ರೆಯ ಬಿಳೀ ಪ್ಲಾಸ್ಟರ್ ಅಂಟಿಸಿ, ಆಯಿಲ್ ಎಲ್ಲಿಗಿದೆ ಅಂತ ದಿನಾ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಸಾಯಂಕಾಲ ಗಾಡಿಯ ಹೊಟ್ಟೆಯ ಕೆಳಗೆ ಹಳೇ ಪೇಪರ್ ಹಾಸಿ, ಬೆಳಗ್ಗೆ ಕಲೆ ಬಿದ್ದಿದೆಯಾ ಅಂತ ನೋಡುತ್ತಿದ್ದರು. ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ನೆಲವೇ ಕಲೆ. ಅದರಲ್ಲಿ ಹೊಸದು ಯಾವುದು ಅಂತ ನೋಡಿದವರು ಯಾರೂ ಇಲ್ಲ.

ಇವೆಲ್ಲಕ್ಕಿಂತ ದೊಡ್ಡದು ಎಣಿಕೆ. ಆಪರೇಷನ್ ಮುಗಿದ ಮೇಲೆ ಹೊಲಿಗೆ ಹಾಕುವ ಮುಂಚೆ ಕತ್ತರಿ, ಸೂಜಿ, ರಕ್ತ ಒರೆಸಿದ ಬಟ್ಟೆ ಎಲ್ಲವನ್ನೂ ಎಣಿಸಿ ಗಟ್ಟಿಯಾಗಿ ಕೂಗಬೇಕಂತೆ. ಒಳಗೆ ಹೋದದ್ದೆಲ್ಲ ಹೊರಗೆ ಬಂದಿದೆ ಅಂತ ಆದ ಮೇಲೇ ಡಾಕ್ಟರು ಸೂಜಿ ಎತ್ತುವುದು. ಗಾಡಿಗೂ ಅದೇ ಕಾನೂನು. ಕೆಲಸಕ್ಕೆ ಮೊದಲು ಸ್ಪ್ಯಾನರು, ನಟ್ಟು, ಸ್ಕ್ರೂ ಎಷ್ಟು ಅಂತ ಸ್ಲೇಟಿನಲ್ಲಿ ಬರೆಯಬೇಕು. ಮುಗಿದ ಮೇಲೆ ಮತ್ತೆ ಕೂಗಬೇಕು.

ಮೊದಲ ದಿನವೇ ಹತ್ತನೇ ನಂಬರಿನ ಸ್ಪ್ಯಾನರ್ ಇಲ್ಲ. ಸಿಸ್ಟರಮ್ಮ ನನ್ನನ್ನು ಮನೆಗೆ ಬಿಡಲಿಲ್ಲ. ಎಂಜಿನ್ ಸಂದಿಗೊಂದಿ, ಚರಂಡಿ, ನಾಯಿಯ ತಟ್ಟೆ ಎಲ್ಲ ಹುಡುಕಿದೆ. ಬೀರೂರಿನ ರೈಲು ನನ್ನನ್ನು ಬಿಟ್ಟು ಹೋಯಿತು. ಕೊನೆಗೆ ಮೆಟ್ಟಿಲ ಮೇಲೆ ಕೂತಾಗ ಹಿಂಭಾಗಕ್ಕೆ ಏನೋ ಚುಚ್ಚಿತು. ಹಿಂದಿನ ಜೇಬಿನಲ್ಲಿತ್ತು.

"ನೀನ್ ಸರ್ಜನ್ ಆಗ್ಲಿಲ್ವಲ್ಲ, ಸದ್ಯ," ಅಂದರು ಸಿಸ್ಟರಮ್ಮ.

ಆಗ ಮನೆಯೊಳಗಿಂದ ನಗು ಕೇಳಿಸಿತು. ಅದು ವಿಮಲಕ್ಕ, ಸಿಸ್ಟರಮ್ಮನ ತಂಗಿ. ಈ ವ್ಯಾನ್ ಬಂದದ್ದೇ ಅವರಿಗಾಗಿ. ವಿಮಲಕ್ಕನಿಗೆ ಅರ್ಧ ಗಂಟೆಗೊಮ್ಮೆ ಕಕ್ಕಸಿಗೆ ಹೋಗಲೇಬೇಕಾದ ತೊಂದರೆ. ತಡೆದುಕೊಳ್ಳಲು ಆಗುವುದಿಲ್ಲ. ಔಷಧಿಯಿಂದ ಅಷ್ಟಿಷ್ಟು ಕಮ್ಮಿಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಒಂಬತ್ತು ವರ್ಷದಿಂದ ಅವರು ಬೀರೂರು ದಾಟಿರಲಿಲ್ಲ. ಒಂದು ಸಲ ಮದುವೆಗೆ ಅಂತ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿಯದೆ ಬಸ್ಸು ಹತ್ತಿ, ದಾರಿಯಲ್ಲಿ ತಲೆ ತಿರುಗಿ ಬಿದ್ದಿದ್ದರಂತೆ.

"ಗಂಡಸ್ರಿಗಾದ್ರೆ ಊರೆಲ್ಲ ಮರ ಇದೆ," ಅಂದರು ಒಂದು ದಿನ ನನಗೆ ಕಾಫಿ ಕೊಡುತ್ತಾ. "ನಾನು ಕಂಡಕ್ಟರ್‌ಗೆ ಬಸ್ ನಿಲ್ಸು ಅಂತ ಎಲ್ರೆದ್ರಿಗೂ ಕೇಳ್ಬೇಕು. ಒಂದ್ಸಲ ಕೇಳ್ಬೋದು. ಹತ್ ಸಲ ಕೇಳೋಕಾಗ್ತದಾ? ಸಮುದ್ರ ಅಂದ್ರೆ ಟೀವೀಲಿ ನೋಡಿರೋದೇ ನಾನು. ಅದ್ರಲ್ಲಿ ಉಪ್ಪಿದೆಯೋ ಸಕ್ಕರೆ ಇದೆಯೋ ಯಾರಿಗ್ಗೊತ್ತು."

ಅವತ್ತಿನಿಂದ ಕಕ್ಕಸಿನ ಕೆಲಸ ನನ್ನದು ಅಂತ ನಾನೇ ಮೇಲೆ ಬಿದ್ದು ತೆಗೆದುಕೊಂಡೆ. ಫೋನಿನಲ್ಲಿ ಹನ್ನೊಂದು ವಿಡಿಯೊ ನೋಡಿದೆ. ವ್ಯಾನಿನ ಹಿಂಭಾಗದಲ್ಲಿ ಪ್ಲೈವುಡ್ಡಿನ ಪುಟ್ಟ ಕೋಣೆ ಕಟ್ಟಿ, ಆಸ್ಪತ್ರೆಯಲ್ಲಿ ಬಳಸುವ ಪಾಟ್ ಇಟ್ಟ ಕುರ್ಚಿಯನ್ನು ಒಳಗೆ ಕೂರಿಸಿದೆ. ನಾಲ್ಕೂ ಮೂಲೆ ಗೆರೆ ಕೊರೆದ ಹಾಗೆ ಬಂತು. ಇಬ್ಬರನ್ನೂ ಕರೆದು, "ನೋಡಿ," ಅಂತ ನಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತು ತೋರಿಸಿದೆ. ಕೂರುವುದೇನೋ ಆಯಿತು. ಏಳುವಾಗ ಗೊತ್ತಾಯಿತು, ಮನುಷ್ಯನಿಗೆ ಮೊಣಕಾಲು ಅಂತ ಎರಡು ಇರುತ್ತವೆ, ಅವು ಮುಂದಕ್ಕೆ ಬರುತ್ತವೆ ಅನ್ನುವುದನ್ನು ಅಳತೆಯಲ್ಲಿ ಹಿಡಿದೇ ಇಲ್ಲ. ಒಳಕ್ಕೆ ತೆರೆಯುವ ಬಾಗಿಲು ನನ್ನ ಮೊಣಕಾಲಿಗೆ ಆನಿಕೊಂಡು ನಿಂತಿತ್ತು.

"ಆಯ್ತೇನಪ್ಪಾ ತೋರ್ಸಿದ್ದು?" ಅಂದರು ಸಿಸ್ಟರಮ್ಮ ಹೊರಗಿನಿಂದ.

"ಇನ್ನೂ ತೋರಿಸ್ತಾ ಇದೀನಿ ಸಿಸ್ಟರಮ್ಮ."

ಬಾಗಿಲಿನ ಹಿಂಜನ್ನು ಅವರೇ ಹೊರಗಿನಿಂದ ಬಿಚ್ಚಿ ನನಗೆ ಹೆರಿಗೆ ಮಾಡಿಸಿದರು. "ಗಂಡು ಮಗು ಕಣೇ ವಿಮಲಾ, ತೂಕ ಜಾಸ್ತಿ ಇದೆ." ಅವತ್ತೇ ಬಾಗಿಲು ಕಿತ್ತು ದಪ್ಪ ಪರದೆ ಹಾಕಿ, ಕೋಣೆಯನ್ನು ಒಂದೂವರೆ ಅಡಿ ಮುಂದಕ್ಕೆ ತಂದೆವು. ಹಳೇ ಕೋಣೆಯಿಂದ ಬಿಚ್ಚಿದ ಎರಡಿಂಚಿನ ಸ್ಕ್ರೂಗಳನ್ನು ಅವರು ಎಣಿಸಿ ಡಬ್ಬಿಗೆ ಹಾಕಿದರು. ಕಟ್ಟುವಾಗ ಹೊಡೆಯದೆ ಉಳಿದಿದ್ದ ಒಂದು ಮಾತ್ರ ಆ ಎಣಿಕೆಗೆ ಬಾರದೆ ನನ್ನ ಜೇಬಿನಲ್ಲೇ ಇತ್ತು. ಅದು ನನಗೂ ಗೊತ್ತಿರಲಿಲ್ಲ. ಈ ಸ್ಕ್ರೂವನ್ನು ನೆನಪಿಟ್ಟುಕೊಳ್ಳಿ.

ಬಿಸಿಲಿಗೆ ವ್ಯಾನಿನ ಒಳಗೆ ಕಾಯಬಾರದು ಅಂತ ಗೋಡೆಯ ತಗಡಿಗೂ ಪ್ಲೈವುಡ್ಡಿಗೂ ನಡುವೆ ಏನಾದರೂ ತುಂಬಬೇಕಿತ್ತು. ಸಿಸ್ಟರಮ್ಮ ತೆಂಗಿನ ನಾರಿನ ಹಾಸು ತರಲು ಹೇಳಿದ್ದರು. ನಾನು ಬುದ್ಧಿ ಉಪಯೋಗಿಸಿದೆ. ಅಜ್ಜಂಪುರದಲ್ಲಿ ಈರುಳ್ಳಿ ಚೀಲಕ್ಕೆ ಬರವೇ? ಮಂಡಿಯಿಂದ ಹಳೇ ಗೋಣಿಚೀಲ ತಂದು ಮಡಿಸಿ ತುಂಬಿದೆ. ಬೆಳಗ್ಗೆ ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಬಿಸಿಲು ಏರಿದಂತೆ ವ್ಯಾನಿನ ಒಳಗೆ ಹೋದವರೆಲ್ಲ ಕಣ್ಣೊರೆಸಿಕೊಂಡು ಹೊರಗೆ ಬಂದರು. ಕರೆಂಟ್ ಬಿಲ್ ಕೊಡಲು ಬಂದವನು ಅವರನ್ನು ನೋಡಿ ಒಳಗೆ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ಚಪ್ಪಲಿ ಬಿಟ್ಟು ನಿಂತಿದ್ದ. ಇದರಲ್ಲಿ ಸ್ವಲ್ಪ ನಾನು ಸೇರಿಸಿ ಹೇಳುತ್ತಿದ್ದೇನೆ. ಆದರೆ ಎಲ್ಲ ಕಿತ್ತು ನಾರಿನ ಹಾಸು ಹಾಕಿದ್ದು ಸತ್ಯ.

ಉಳಿದ ಕೆಲಸವೆಲ್ಲ ಸಿಸ್ಟರಮ್ಮನದೇ. ಇಂಜೆಕ್ಟರ್ ಬಿಚ್ಚಿ ಹಾಕಿದರು. ತುಕ್ಕು ಕೆರೆದರು. ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಿ, ದೀಪಕ್ಕೂ ಫ್ಯಾನಿಗೂ ಬೇರೆ ಬ್ಯಾಟರಿ ಇಟ್ಟು, ಒಂದೊಂದು ವೈರಿಗೂ ಆಸ್ಪತ್ರೆಯ ಸೀಸೆಗೆ ಅಂಟಿಸುವ ಹಾಗೆ ಚೀಟಿ ಅಂಟಿಸಿದರು. ಅವರು ಗಾಡಿ ಕೆಳಗೆ ಮಲಗಿ ಕೈ ಚಾಚಿ "ಹನ್ನೆರಡು" ಅಂದರೆ ನಾನು ಹನ್ನೆರಡನೇ ನಂಬರಿನ ಸ್ಪ್ಯಾನರನ್ನು ಅಂಗೈಗೆ ಟಪ್ ಅಂತ ಇಡಬೇಕು. ಮೂವತ್ತು ವರ್ಷ ಡಾಕ್ಟರುಗಳ ಅಂಗೈಗೆ ಕತ್ತರಿ ಇಟ್ಟ ಕೈ ಅದು. ಈಗ ಇಸಿದುಕೊಳ್ಳುತ್ತಿತ್ತು. ಆ ವಯಸ್ಸಿನಲ್ಲಿ ಅಂಥ ಕೆಲಸ ಕಲಿತವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಒಂದು ಸಲ ತೋರಿಸಿದ್ದನ್ನು ಎರಡನೇ ಸಲ ಕೇಳುತ್ತಿರಲಿಲ್ಲ. ನನಗೆ ಚಾಚಾ ಎರಡು ವರ್ಷ ತೋರಿಸಿದ್ದನ್ನು ನಾನು ಈಗಲೂ ಕೇಳುತ್ತೇನೆ.

ಇಷ್ಟೆಲ್ಲ ಆದ ಮೇಲೆ ಗಾಡಿಯನ್ನು ತರೀಕೆರೆಯ ಆರ್‌ಟಿಓ ಕಚೇರಿಗೆ ತೋರಿಸಿ, ರಸ್ತೆಗೆ ಲಾಯಕ್ಕು ಅಂತ ಎಫ್‌ಸಿ ಪಡೆಯಬೇಕಿತ್ತು. ಒಳಗಿನ ಬದಲಾವಣೆಗೆಲ್ಲ ಸಿಸ್ಟರಮ್ಮ ಮೊದಲೇ ಅನುಮತಿಯ ಕಾಗದ ಮಾಡಿಸಿದ್ದರು. ಹಳೇ ನೋಂದಣಿ ಮುಗಿಯುವ ದಿನವೇ ತಪಾಸಣೆಗೂ ದಿನ ಸಿಕ್ಕಿತ್ತು. ಮಧ್ಯಾಹ್ನ ಮೂರರೊಳಗೆ ಗಾಡಿ ಅಲ್ಲಿರಬೇಕು.

"ಅವತ್ತು ಆಗ್ಲಿಲ್ಲ ಅಂದ್ರೆ ಗುಜರಿಗೆ ಕೊಟ್ಬಿಡ್ತೀನಿ ಕಣೋ," ಅಂದರು ನನಗೊಬ್ಬನಿಗೇ ಕೇಳುವ ಹಾಗೆ. "ಅವ್ಳು ಈಗಾಗ್ಲೇ ಬ್ಯಾಗು ತುಂಬ್ಕೊಂಡು ಕೂತಿದಾಳೆ. ಇನ್ನೊಂದ್ಸಲ ಆಸೆ ಹುಟ್ಸಿ ಇನ್ನೊಂದ್ಸಲ ಇಲ್ಲ ಅನ್ನೋ ಧೈರ್ಯ ನಂಗಿಲ್ಲ."

ಎಫ್‌ಸಿಗೆ ಎರಡು ದಿನ ಇತ್ತು. ಉಳಿದದ್ದು ವ್ಯಾನಿನ ನೆಲ ಒಂದೇ. ತಗಡಿನ ಮೇಲೆ ಪ್ಲೈವುಡ್ ಹಾಸಿ ಸ್ಕ್ರೂ ಹೊಡೆಯಬೇಕು. ಸಿಸ್ಟರಮ್ಮ ಒಂದಿಂಚಿನ ಸ್ಕ್ರೂ ನಲವತ್ತೆಂಟು ಎಣಿಸಿ ಸ್ಟೀಲ್ ಟ್ರೇಗೆ ಹಾಕಿ, ಸ್ಲೇಟಿನಲ್ಲಿ ಬರೆದು, ವಿಮಲಕ್ಕನಿಗೆ ಮಾತ್ರೆ ಕೊಡಲು ಒಳಗೆ ಹೋದರು. ನಾನು ಡ್ರಿಲ್ ಹಿಡಿದು ಹಾಡು ಹೇಳುತ್ತಾ ಹೊಡೆಯುತ್ತಾ ಹೋದೆ. ನಲವತ್ತೇಳಕ್ಕೆ ಟ್ರೇ ಖಾಲಿ. ಮೂರನೇ ಸಾಲಿನಲ್ಲಿ ಒಂದು ಜಾಗ ಖಾಲಿ. ಹದಿನೈದು ನಿಮಿಷ ಮಂಡಿಯೂರಿ ಹುಡುಕಿದೆ. ಸಿಗಲಿಲ್ಲ. ಕರವಸ್ತ್ರ ತೆಗೆಯಲು ಜೇಬಿಗೆ ಕೈ ಹಾಕಿದರೆ ಕಕ್ಕಸಿನ ಕಾಲದ ಆ ಎರಡಿಂಚಿನ ಸ್ಕ್ರೂ ಸಿಕ್ಕಿತು.

ತಲೆ ನೋಡಿದರೆ ಎರಡೂ ಒಂದೇ ಥರ. ಕೆಳಗೆ ಎಷ್ಟು ಉದ್ದ ಇದೆ ಅಂತ ಯಾರು ನೋಡುತ್ತಾರೆ? ಡ್ರಿಲ್ ಒತ್ತಿದೆ. ಕೊನೆಯಲ್ಲಿ ಒಂಚೂರು ಬಿಗಿಯಾಯಿತು. ಇನ್ನೂ ಒತ್ತಿದೆ. ಹೋಯಿತು.

ಸಿಸ್ಟರಮ್ಮ ಬಂದು ಸ್ಲೇಟು ಎತ್ತಿಕೊಂಡರು. "ಎಷ್ಟು?"

"ನಲವತ್ತೆಂಟು."

"ಟ್ರೇ?"

"ಖಾಲಿ."

ಸರಿ ಅಂತ ಗುರುತು ಹಾಕಿದರು. ಅವತ್ತು ಬೀರೂರಿನ ರೈಲು ಕೂಡ ಸರಿಯಾದ ಸಮಯಕ್ಕೆ ಸಿಕ್ಕಿತು.

ಮಾರನೆಯ ದಿನ ಬ್ರೇಕ್ ಆಯಿಲಿನ ಗೆರೆ ಕೂದಲೆಳೆಯಷ್ಟು ಇಳಿದಿತ್ತು. ಸಿಸ್ಟರಮ್ಮ ಹುಬ್ಬು ಗಂಟಿಕ್ಕಿ ಬರೆದುಕೊಂಡರು. ಎಫ್‌ಸಿಯ ದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಗಾಡಿಯ ಕೆಳಗಿನ ಪೇಪರನ್ನು ಎಳೆದುಕೊಂಡು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮಧ್ಯದಲ್ಲಿ ರೂಪಾಯಿ ಅಗಲದ ಒದ್ದೆ.

"ಏನೋ ಇದು?"

"ಎಸಿ ನೀರು ಸಿಸ್ಟರಮ್ಮ. ಎಲ್ಲಾ ಗಾಡೀಲೂ ಬೀಳ್ತದೆ."

"ಎಸಿ ಎಲ್ಲಿದೆಯೋ ಈ ಗಾಡೀಲಿ?"

"ಹಂಗಾರೆ ನಾಯಿ."

ಅವರು ಒದ್ದೆಯನ್ನು ಬೆರಳಿಗೆ ತಾಗಿಸಿ, ಹೆಬ್ಬೆರಳಿನಿಂದ ತಿಕ್ಕಿ, ಮೂಸಿದರು. "ನಾಯೀದು ಹಿಂಗೆ ಜಾರಲ್ಲ. ಬ್ರೇಕ್ ಆಯಿಲ್ ಇದು. ಗೆರೆ ಇವತ್ತು ಬೆರಳಗಲ ಇಳ್ದಿದೆ."

ನನಗೆ ಆ ಎರಡಿಂಚಿನ ಸ್ಕ್ರೂ ನೆನಪಾಯಿತು. ನೆಲದ ತಗಡಿನ ಕೆಳಗೇ ಬ್ರೇಕ್ ಪೈಪ್ ಹಾದುಹೋಗುತ್ತದೆ. ಪೈಪಿಗೆ ತೂತು ಮಾಡಿದ ಸ್ಕ್ರೂವೇ ಆ ತೂತಿಗೆ ಬಿರಡೆಯಾಗಿ ಕೂತಿದೆ, ಅದಕ್ಕೇ ಒಮ್ಮೆಲೇ ಸುರಿಯದೆ ಜಿನುಗುತ್ತಿದೆ ಅಂತ ನನಗೆ ಆ ಕ್ಷಣವೇ ಹೊಳೆಯಿತು. ಬಾಯಿ ಮಾತ್ರ ತೆರೆಯಲಿಲ್ಲ.

ಸಿಸ್ಟರಮ್ಮ ಚಾಚಾಗೆ ಫೋನ್ ಹಚ್ಚಿದರು. ಚಾಚಾ ಗಾಡಿ ನೋಡದೆ ಫೋನಿನಲ್ಲೇ ಹೇಳಿದರು: "ಚಕ್ರದೊಳಗಿನ ಸಿಲಿಂಡರ್ ಹಳೇದಮ್ಮ, ಅಲ್ಲಿಂದ ಜಿನುಗ್ತಿರ್ಬೋದು. ಬಂದು ಚಕ್ರ ಬಿಚ್ಚಿ ನೋಡ್ತೀನಿ. ಸಾಯಂಕಾಲ ಆಗ್ತದೆ."

ಸಾಯಂಕಾಲ ಅಂದರೆ ಎಫ್‌ಸಿ ಇಲ್ಲ. ಆಗ ನಾನು ಬಾಯಿ ತೆರೆದೆ. ತೆರೆಯದಿದ್ದರೇ ಚೆನ್ನಾಗಿತ್ತು.

"ಆಯಿಲ್ ತುಂಬ್ಸಿ ಹೋಗ್ಬಿಡಾಣ ಸಿಸ್ಟರಮ್ಮ. ತರೀಕೆರೆ ಇಲ್ಲೇ ತಾನೆ. ಎಫ್‌ಸಿ ಆದ್ಮೇಲೆ ಚಾಚಾ ನೋಡ್ಕೋತಾರೆ."

ಸಿಸ್ಟರಮ್ಮ ಗಡಿಯಾರ ನೋಡಿದರು, ಗೆರೆ ನೋಡಿದರು. ಮೂರು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ಏನು ಮಾಡಬೇಕು ಅಂತ ಗೊತ್ತಾಗದ ಕಳೆ ಕಂಡೆ. ಅಷ್ಟರಲ್ಲಿ ವ್ಯಾನಿನ ಒಳಗಿನಿಂದ ವಿಮಲಕ್ಕನ ದನಿ ಬಂತು. ಅವರು ಆಗಲೇ ಸ್ವೆಟರ್ ಹಾಕಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದರು.

"ಮಂಜಣ್ಣ ಹೇಳಿದ್ರೆ ಸರಿಯಾಗೇ ಇರ್ತದೆ, ಹೊರಡಕ್ಕ. ಅವ್ನೇನು ನಮ್ಮನ್ನ ಗುಂಡಿಗೆ ಬೀಳಿಸ್ತಾನಾ?"

ಇದರ ಬದಲು ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸಿಸ್ಟರಮ್ಮ," ಅಂದೆ. "ನಲವತ್ತೆಂಟಲ್ಲ. ನಲವತ್ತೇಳು."

ಎಲ್ಲ ಹೇಳಿದೆ. ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ. ಅವರು ಕೇಳಿದ್ದು ಒಂದೇ ಮಾತು.

"ಯಾವ್ದು?"

"ಮೂರನೇ ಸಾಲು. ಬಾಗ್ಲಿಂದ ಎರಡನೇದು."

ತಕ್ಷಣ ಚಾಚಾಗೆ ಮತ್ತೆ ಫೋನ್ ಮಾಡಿದರು. "ಚಕ್ರ ಬಿಡಿ. ಬ್ರೇಕ್ ಪೈಪ್ ತೊಗೊಂಡ್ ಬನ್ನಿ. ಎಲ್ಲಿ ಅಂತ ಗೊತ್ತಾಯ್ತು." ಯಾರಿಂದ ಆಯಿತು ಅಂತ ಹೇಳಲಿಲ್ಲ.

ಚಾಚಾ ಕಡೂರಿನಿಂದ ಸ್ಕೂಟರಿನಲ್ಲಿ ಬಂದರು. ಸುರುಳಿ ಸುತ್ತಿದ ಹೊಸ ಪೈಪು ಮದುಮಗನ ಹಾರದ ಹಾಗೆ ಕೊರಳಲ್ಲಿತ್ತು. ಅಷ್ಟರಲ್ಲಿ ನಾವು ಒಂದು ಪ್ಲೈವುಡ್ ಹಲಗೆ ಎತ್ತಿ ಹಳೇ ಪೈಪ್ ಬಿಚ್ಚಿಟ್ಟಿದ್ದೆವು. ಸ್ಕ್ರೂ ಹೊಕ್ಕ ತೂತು ಅಕ್ಕಿಕಾಳಿನಷ್ಟೂ ಇರಲಿಲ್ಲ. ಚಾಚಾ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಲೇ ಮಂಜ, ಚಾಚಾಗೆ ಸುಳ್ ಹೇಳು, ನಡೀತದೆ. ಆಯಿಲ್‌ಗೆ ಹೇಳೋಕಾಗಲ್ಲ ಬೇಟಾ. ಅದು ಸಂದಿ ಹುಡ್ಕೊಂಡು ಆಚೆ ಬಂದೇ ಬರ್ತದೆ."

ಆಮೇಲೆ ಹಳೇ ಪೈಪಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಕಣ್ಣು ಮುಚ್ಚಿ ಹೊಸ ಪೈಪನ್ನು ಮೊಣಕಾಲಿಗೆ ಒತ್ತಿ ಒಂದೊಂದೇ ತಿರುವು ಕೊಟ್ಟರು. ಇದಕ್ಕೆ ಈಗ ಮೆಷಿನ್ ಇದೆ, ಫೋನಿನಲ್ಲಿ ಅಳತೆಯೂ ಸಿಗುತ್ತದೆ. ನಾನೇ ಅಂಗಡಿಯಲ್ಲಿ ಆ ಮೆಷಿನ್ ಮಾರುತ್ತೇನೆ. ಆದರೆ ಐದು ತಿರುವಿನ ಪೈಪನ್ನು ಮೊದಲನೇ ಸಲಕ್ಕೇ ಅದರ ಜಾಗಕ್ಕೆ ಕೂರಿಸಿದ ಮೆಷಿನ್ ನಾನು ನೋಡಿದ್ದು ಒಂದೇ. ಅದಕ್ಕೆ ಬಿಳೀ ಗಡ್ಡ ಇತ್ತು.

ಪೈಪ್ ಬದಲಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಹತ್ತಿರ ಗಾಳಿಯನ್ನು ಹೊರಗೆ ಬಿಡಬೇಕು. ಚಾಚಾ ಮತ್ತು ನಾನು ಕೆಳಗೆ. ಸಿಸ್ಟರಮ್ಮ ಆಯಿಲ್ ಡಬ್ಬಿಯ ಹತ್ತಿರ. ಬ್ರೇಕಿಗೆ ಕಾಲಿಡಲು ಉಳಿದದ್ದು ವಿಮಲಕ್ಕ.

"ಒತ್ತಿ!"

"ಒತ್ತಿದೀನಿ!"

"ಬಿಡಿ!"

"ಬಿಟ್ಟೆ!"

ಮೂರು ಚಕ್ರ ಮುಗಿದಿತ್ತು. ನಾಲ್ಕನೆಯದಕ್ಕೆ ಬಂದಾಗ ಮೇಲಿನಿಂದ, "ಒಂದ್ನಿಮಿಷ ಇರ್ರೋ," ಅಂತ ಕೇಳಿಸಿತು. ಸಿಸ್ಟರಮ್ಮ ಕೈಯಲ್ಲೇ ಸನ್ನೆ ಮಾಡಿದರು. ಚಾಚಾ ಮತ್ತು ನಾನು ಗಾಡಿ ಕೆಳಗಿನಿಂದ ತೆವಳಿ ಬಂದು ಹೊಂಗೆ ಮರದ ಕೆಳಗೆ ಬೆನ್ನು ಹಾಕಿ ನಿಂತೆವು. ಚಾಚಾ ಆಕಾಶ ನೋಡುತ್ತಾ, "ಮಳೆ ಬತ್ತದಾ?" ಅಂದರು. ಮೋಡವೇ ಇರಲಿಲ್ಲ. ಪರದೆ ಸರಿದ ಸದ್ದಾಯಿತು. ವಿಮಲಕ್ಕ ಮತ್ತೆ ಡ್ರೈವರ್ ಸೀಟಿಗೆ ಬಂದು ಕೂತರು.

"ಮಂಜಣ್ಣಾ," ಅಂದರು, "ಮೊಣಕಾಲಿಗೆ ಜಾಗ ಸರಿಯಾಗಿದೆ ಕಣಪ್ಪಾ. ಹೂಂ, ಹೇಳು, ಒತ್ತಲಾ?"

ಚಾಚಾನೂ ಸೇರಿ ನಾಲ್ವರೂ ವ್ಯಾನಿನಲ್ಲಿ ತರೀಕೆರೆ ಮುಟ್ಟಿದಾಗ ಎರಡೂವರೆ ದಾಟಿತ್ತು. ತಪಾಸಣೆ ಮಾಡುವ ಅಧಿಕಾರಿ ದೀಪ, ಹಾರ್ನ್, ಟೈರು ಎಲ್ಲ ನೋಡಿ, ತಾವೇ ಗಾಡಿ ಓಡಿಸಿ ಬ್ರೇಕ್ ಒತ್ತಿದರು. ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿ ನಿಂತವು. ಅವರು ಇಳಿದು ಬಂದು ಕೇಸ್ ಶೀಟನ್ನು ತಿರುವಿ ತಿರುವಿ ನೋಡಿದರು.

"ಯಾವ ಗ್ಯಾರೇಜಲ್ಲಿ ಮಾಡ್ಸಿದ್ದಮ್ಮ?"

"ಮಾಡ್ಸಿದ್ದಲ್ಲ ಸಾರ್. ಮಾಡಿದ್ದು," ಅಂದರು ಸಿಸ್ಟರಮ್ಮ.

ಅಧಿಕಾರಿ ಸಹಿ ಹಾಕಿದರು. ಕಾಗದ ಇಸಿದುಕೊಳ್ಳಲು ಸಿಮೆಂಟಿನ ಅಂಗಳದಲ್ಲಿ ನಾನು ಓಡಿದೆ. ಟಿಕ್, ಟಿಕ್, ಟಿಕ್ ಅಂತ ಸದ್ದು. ಎರಡು ದಿನದಿಂದ ಚಪ್ಪಲಿಗೆ ಯಾವುದೋ ಕಲ್ಲು ಸಿಕ್ಕಿಕೊಂಡಿದೆ ಅಂತ ಅಂದುಕೊಂಡಿದ್ದೆ. ಸಿಸ್ಟರಮ್ಮ ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಕಾಲೆತ್ತು."

ಎತ್ತಿದೆ. ರಬ್ಬರ್ ಚಪ್ಪಲಿಯ ತಳದಲ್ಲಿ ತಲೆ ಮಾತ್ರ ಹೊರಗಿಟ್ಟು ಸ್ಕ್ರೂ ಒಂದು ಓರೆಯಾಗಿ ಹೂತುಕೊಂಡಿತ್ತು. ಅವರು ಕೈಚೀಲದಿಂದ ಆಸ್ಪತ್ರೆಯ ಚಿಮಟ ತೆಗೆದು, ಕಚ್ಚಿ ಹಿಡಿದು, ಒಂದೇ ಎಳೆತಕ್ಕೆ ಕಿತ್ತು ನನ್ನ ಅಂಗೈಗೆ ಟಪ್ ಅಂತ ಇಟ್ಟರು. ಒಂದಿಂಚಿನದು. ಚಾಚಾ ನಕ್ಕ ನಗುವಿಗೆ ಆರ್‌ಟಿಓ ಕಚೇರಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಆ ವಾರದ ಕೊನೆಗೆ ಅಕ್ಕ ತಂಗಿ ಇಬ್ಬರೇ ಹೋಗಿ ಸಮುದ್ರ ನೋಡಿ ಬಂದರು. ಸೀರೆ ಮೊಣಕಾಲಿಗೆ ಎತ್ತಿಕೊಂಡು ಅಲೆಯಲ್ಲಿ ನಿಂತ ವಿಮಲಕ್ಕನ ಫೋಟೊ ನನ್ನ ಫೋನಿನಲ್ಲಿದೆ. ಕೆಳಗೆ ಎರಡೇ ಪದ: "ಉಪ್ಪೇ ಕಣಪ್ಪಾ." ಕೌಂಟರಿನಲ್ಲಿ ಕೂತು ಬೆನ್ನು ನೋಯುವಾಗ ಅದನ್ನು ತೆಗೆದು ನೋಡುತ್ತೇನೆ.

ಆದರೆ ಎಫ್‌ಸಿಯ ದಿನವೇ, ಅಜ್ಜಂಪುರಕ್ಕೆ ವಾಪಸ್ ಬಂದ ಮೇಲೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಎತ್ತಿದ್ದ ಪ್ಲೈವುಡ್ ಹಲಗೆಯನ್ನು ಮತ್ತೆ ಕೂರಿಸಬೇಕಿತ್ತು. ಚಾಚಾ ಹೊರಟುಹೋಗಿದ್ದರು. ವಿಮಲಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಟ್ರೇ ಮುಟ್ಟಲಿಲ್ಲ.

"ಬೇರೆ ಯಾರನ್ನಾದ್ರೂ ಕರೀರಿ ಸಿಸ್ಟರಮ್ಮ," ಅಂದೆ. ಆ ಹೊತ್ತಿಗೆ ನನ್ನ ಬಾಯಲ್ಲಿ ಒಂದು ತಮಾಷೆಯೂ ಉಳಿದಿರಲಿಲ್ಲ.

ಅವರು ಸ್ಲೇಟು ಒರೆಸುತ್ತಾ ಹೇಳಿದರು. "ಥಿಯೇಟರಲ್ಲಿ ನಂಗದು ಮೊದಲ್ನೇ ವರ್ಷ. ಬಟ್ಟೆ ಎಣಿಸಿದ್ರೆ ಒಂದು ಕಮ್ಮಿ. ಬೈತಾರಲ್ಲ ಅಂತ ಹೊಸಾದೊಂದನ್ನ ರಕ್ತದಲ್ಲಿ ಅದ್ದಿ ಬಕೀಟಿಗೆ ಹಾಕಿ, ಸರಿಯಾಗಿದೆ ಅಂತ ಕೂಗ್ಬಿಟ್ಟೆ."

ನಾನು ತಲೆ ಎತ್ತಿದೆ. "ಆಮೇಲೆ?"

"ಡಾಕ್ಟ್ರು ಸೂಜಿ ಎತ್ತಿದ್ರು. ಆಗ ಬಾಯ್ ಬಿಟ್ಟೆ. ಎಲ್ರೂ ಹುಡುಕಿದ್ವಿ."

"ಸಿಕ್ತಾ?"

"ಡಾಕ್ಟ್ರ ಚಪ್ಪಲಿ ತಳದಲ್ಲಿ ಅಂಟ್ಕೊಂಡಿತ್ತು."

ಇದು ನಿಜವಾಗಿ ನಡೆದದ್ದೋ, ನನಗೋಸ್ಕರ ಆಗ ಹೊಸೆದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಸ್ಲೇಟನ್ನು ನನ್ನ ಕೈಗೆ ಕೊಟ್ಟರು.

"ದೊಡ್ಡ ಸಿಸ್ಟರ್ ಅವತ್ತು ಬೈಲಿಲ್ಲ ಕಣೋ. ನಾಳೆಯಿಂದ ಎಣಿಕೆ ನೀನೇ ಕೂಗು ಅಂದ್ರು. ನಿವೃತ್ತಿ ಆಗೋವರ್ಗೂ ನಾನೇ ಕೂಗ್ದೆ, ಒಂದ್ಸಲಾನೂ ತಪ್ಲಿಲ್ಲ. ತೊಗೋ, ಟ್ರೇ ಹಿಡಿ. ಒಂದರಿಂದ ಶುರು ಮಾಡು. ಗಟ್ಟಿಯಾಗಿ ಕೂಗ್ಬೇಕು, ಅಲ್ಲಿ ಕೂತಿದಾಳಲ್ಲ, ವಿಮಲಾ, ಅವ್ಳಿಗೂ ಕೇಳ್ಬೇಕು."